ಪಿತ್ತಕೋಶದ ಕಲ್ಲಿಗೆ ಯಾವ ಆಪರೇಷನ್ ಒಳ್ಳೆಯದು: ಓಪನ್, ಲ್ಯಾಪರೋಸ್ಕೋಪಿ, ರೋಬೋಟ್?

ನಿಮ್ಮ ತಾಯಿಗೆ ಪಿತ್ತಕೋಶದ ಕಲ್ಲಿನಿಂದ ಪದೇ ಪದೇ ನೋವು ಬರುತ್ತಿದೆ, ಒಬ್ಬ ಡಾಕ್ಟರು ಲ್ಯಾಪರೋಸ್ಕೋಪಿ ಅಂದರು, ಇನ್ನೊಬ್ಬರು ರೋಬೋಟ್ ಅಂದರು, ಯಾವುದಕ್ಕೆ ಒಪ್ಪಿಕೊಳ್ಳಲಿ ಎಂದು ಕೇಳಿದ್ದೀರಿ. ನಾನು ಸರ್ಜನ್, ಈ ಆಪರೇಷನ್ ನನ್ನ ದಿನನಿತ್ಯದ ಕೆಲಸ. ನನ್ನ ತಾಯಿಗಾದರೂ ನಾನು ಆರಿಸುವುದು ಹೊಟ್ಟೆಗೆ ನಾಲ್ಕು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಮತ್ತು ಉಪಕರಣ ಹಾಕಿ ಮಾಡುವ ಮಾಮೂಲಿ ಲ್ಯಾಪರೋಸ್ಕೋಪಿಯನ್ನೇ.

ಹೊಟ್ಟೆಯೊಳಗೆ ಹೇಗೇ ಹೋದರೂ ಅಲ್ಲಿ ಮಾಡುವ ಕೆಲಸ ಒಂದೇ. ಪಿತ್ತಕೋಶದ ಸಣ್ಣ ನಾಳಕ್ಕೂ ಅದರ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಲಿವರ್‌ನಿಂದ ಬಿಡಿಸಿ ಹೊರಗೆ ತೆಗೆಯುತ್ತೇವೆ. ಕಲ್ಲಷ್ಟನ್ನೇ ತೆಗೆದು ಚೀಲ ಉಳಿಸಿದರೆ ಕಲ್ಲು ಮತ್ತೆ ಕಟ್ಟಿಕೊಳ್ಳುವ ಸಂಭವ ಹೆಚ್ಚು.

1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಇದನ್ನು ಮೊದಲು ಮಾಡಿದ್ದು ಹೊಟ್ಟೆ ಕೊಯ್ದು. ಮುಂದೆ ನೂರು ವರ್ಷ ಅದೇ ದಾರಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪರೋಸ್ಕೋಪಿಯಲ್ಲಿ ಮಾಡಿ ತೋರಿಸಿದರು. ಓಪನ್ ಆದರೆ ಬಲ ಪಕ್ಕೆಲುಬಿನ ಕೆಳಗೆ ಉದ್ದನೆಯ ಗಾಯ, ಕೆಲವು ದಿನ ಆಸ್ಪತ್ರೆ, ಚೇತರಿಕೆಗೆ ನಾಲ್ಕರಿಂದ ಆರು ವಾರ. ಲ್ಯಾಪರೋಸ್ಕೋಪಿ ಆದರೆ ಬಹುತೇಕರು ಅದೇ ದಿನ ಇಲ್ಲವೇ ಮರುದಿನ ಮನೆಗೆ ಹೋಗುತ್ತಾರೆ, ಒಂದೆರಡು ವಾರದಲ್ಲಿ ಕೆಲಸಕ್ಕೆ ಮರಳುತ್ತಾರೆ. ಹೊಟ್ಟೆ ಉಬ್ಬಿಸಲು ಬಿಟ್ಟ ಗ್ಯಾಸಿನಿಂದ ಒಂದೆರಡು ದಿನ ಭುಜ ನೋಯಬಹುದು, ಅದಕ್ಕೆ ಗಾಬರಿಯಾಗಬೇಡಿ.

ನಿಜವಾಗಿ ಭಯಪಡಬೇಕಾದದ್ದು ಒಂದಿದೆ: ಸಣ್ಣ ನಾಳ ಅಂದುಕೊಂಡು, ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವುದು. ಇದು ಸಾವಿರಕ್ಕೆ ಕೆಲವರಲ್ಲಷ್ಟೇ ಆಗುತ್ತದೆ, ಆದರೆ ಆದವರ ಬದುಕು ವರ್ಷಗಟ್ಟಲೆ ಆಸ್ಪತ್ರೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ನಾವು ಅಲ್ಲಿನ ಕೊಬ್ಬು, ಪೊರೆಗಳನ್ನೆಲ್ಲ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಲಿವರ್‌ನಿಂದ ಬೇರ್ಪಡಿಸಿ, ಅದರೊಳಕ್ಕೆ ಎರಡೇ ಎರಡು ನಾಳ ಹೋಗುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುವವರೆಗೆ ಏನನ್ನೂ ಕತ್ತರಿಸುವುದಿಲ್ಲ. ಉರಿಯೂತದಿಂದ ಎಲ್ಲ ಅಂಟಿಕೊಂಡು ಆ ನೋಟ ಸಿಗದಿದ್ದರೆ ಪಿತ್ತಕೋಶದ ಒಂದು ಭಾಗವನ್ನು ಅಲ್ಲೇ ಬಿಡಬೇಕು, ಇಲ್ಲವೇ ಹೊಟ್ಟೆ ತೆರೆಯಬೇಕು. ನಡುವೆ ಓಪನ್‌ಗೆ ಹೋದರೆ ಕೆಲವು ಮನೆಯವರು ಏನೋ ಕೆಟ್ಟಿತು ಎಂದು ನೊಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ನೋಡಬೇಡಿ, ರೋಗಿಯನ್ನು ಕಾಪಾಡುವ ನಿರ್ಧಾರ ಅದು.

ಹೊಕ್ಕಳಲ್ಲಿ ಒಂದೇ ರಂಧ್ರ ಮಾಡುವ ವಿಧಾನದಲ್ಲಿ ಕಲೆ ಕಾಣುವುದಿಲ್ಲ, ಆದರೆ ಅಲ್ಲಿ ಮುಂದೆ ಹರ್ನಿಯಾ ಆಗುವ ಸಾಧ್ಯತೆ ಹೆಚ್ಚು. ಸರ್ಜನ್ನರೇ ಕುಳಿತು ಯಂತ್ರದ ಕೈಗಳನ್ನು ನಡೆಸುವ ರೋಬೋಟಿನಲ್ಲಿ ಉಪಕರಣ ಚೆನ್ನಾಗಿ ತಿರುಗುತ್ತದೆ ನಿಜ. ಆದರೆ ಅಮೆರಿಕದ ಮೆಡಿಕೇರ್ ವಿಮೆಯ ಹತ್ತು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಿಪೇರಿ ಬೇಕಾದ ಪಿತ್ತನಾಳದ ಗಾಯ ರೋಬೋಟಿನಲ್ಲಿ ಶೇ 0.7, ಲ್ಯಾಪರೋಸ್ಕೋಪಿಯಲ್ಲಿ ಶೇ 0.2 ಇತ್ತು. ಸಾಮಾನ್ಯ ಕಲ್ಲಿಗೆ ರೋಬೋಟ್ ಬೇಕೆನ್ನಲು ನನಗೆ ಕಾರಣ ಕಾಣುವುದಿಲ್ಲ.

ನಿಮ್ಮ ಸರ್ಜನ್ನರನ್ನು ಎರಡು ಮಾತು ಕೇಳಿ: ಮುಖ್ಯ ನಾಳದಲ್ಲಿ ಕಲ್ಲು ಇಲ್ಲವೆಂದು ಹೇಗೆ ಖಚಿತ ಮಾಡಿಕೊಂಡಿರಿ? ಒಳಗೆ ಕಷ್ಟವಾದರೆ ಏನು ಮಾಡುತ್ತೀರಿ? ಸಮಾಧಾನವಾಗಿ ಉತ್ತರಿಸಿದರೆ ಅವರ ಕೈಗೆ ಒಪ್ಪಿಸಬಹುದು. ಈ ಮಧ್ಯೆ ತಾಯಿಗೆ ಜ್ವರ, ಕಣ್ಣು ಹಳದಿಯಾಗುವುದು ಅಥವಾ ಬಿಡದ ನೋವು ಬಂದರೆ ಆಪರೇಷನ್ ತಾರೀಕಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.