ಸುಸ್ಥಿರ ಅಭಿವೃದ್ಧಿ, ಪರ್ಯಾಯ ಆರ್ಥಿಕತೆ, ಸಾಮಾಜಿಕ ನ್ಯಾಯ: ಪಿಎಚ್‌ಡಿ ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರುವುದು ಎರಡು ಪ್ರಶ್ನೆ. ಎಂ.ಎ. ಮುಗಿಸಿ ಪಿಎಚ್‌ಡಿಗೆ ಹೊರಟಿದ್ದೀರಿ. ಇಷ್ಟು ದೊಡ್ಡ ಮೂರು ವಿಷಯಗಳನ್ನು ಒಂದೇ ಸಂಶೋಧನೆಯಲ್ಲಿ ಹಿಡಿಯುವುದು ಹೇಗೆ ಅನ್ನುವುದು ಮೊದಲನೆಯದು. ಇದರಿಂದ ಜನರಿಗೆ ಏನಾದರೂ ಉಪಯೋಗ ಇದೆಯಾ, ಇಲ್ಲ ಜರ್ನಲ್‌ಗಳಲ್ಲೇ ಉಳಿದುಬಿಡುತ್ತದಾ ಅನ್ನುವುದು ಎರಡನೆಯದು. ನಾನು ಇದೇ ಕ್ಷೇತ್ರದಲ್ಲಿ ಓದುತ್ತಾ, ಬರೆಯುತ್ತಾ, ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುತ್ತಾ ಬಂದವಳು. ನನ್ನ ಅಭಿಪ್ರಾಯ ಹೇಳುತ್ತೇನೆ.

ಮೂರನ್ನೂ ಒಂದೇ ತೂಕದಲ್ಲಿ ಹಿಡಿಯಲು ಹೋಗಬೇಡಿ. ಮೊದಲು ಪರಿಸರ, ಆಮೇಲೆ ಆರ್ಥಿಕತೆ, ಕೊನೆಯ ಅಧ್ಯಾಯದಲ್ಲಿ ಒಂದಿಷ್ಟು ನ್ಯಾಯ: ಹೀಗೆ ಬರೆದ ಪ್ರಬಂಧಗಳೇ ಜಾಸ್ತಿ. ನನಗೆ ಇದು ಸರಿ ಕಾಣುವುದಿಲ್ಲ. ನ್ಯಾಯ ಅನ್ನುವುದು ಉಳಿದೆರಡನ್ನೂ ಪರೀಕ್ಷಿಸುವ ಪ್ರಶ್ನೆ. ತೀರ್ಮಾನ ಮಾಡಿದವರು ಯಾರು? ಲಾಭ ಯಾರಿಗೆ ಹೋಯಿತು? ಹೊರೆ ಯಾರ ತಲೆ ಮೇಲೆ ಬಿತ್ತು? ಮೊದಲ ಪುಟದಿಂದಲೇ ಇವನ್ನು ಕೇಳುತ್ತಾ ಹೋಗಿ.

ಸುಸ್ಥಿರ ಅಭಿವೃದ್ಧಿಯನ್ನೇ ನೋಡಿ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಕೊಟ್ಟ ವ್ಯಾಖ್ಯೆ ನಿಮಗೆ ಗೊತ್ತಿರುತ್ತದೆ. ಇಂದಿನವರ ಅಗತ್ಯ ಪೂರೈಸಬೇಕು, ಮುಂದಿನ ಪೀಳಿಗೆಯವರು ತಮ್ಮ ಅಗತ್ಯ ಪೂರೈಸಿಕೊಳ್ಳುವುದಕ್ಕೆ ಅಡ್ಡಿ ಆಗಬಾರದು. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದರ ಬೆನ್ನಿಗೇ, ಜಗತ್ತಿನ ಬಡವರ ಮೂಲ ಅಗತ್ಯಗಳಿಗೆ ಎಲ್ಲಕ್ಕಿಂತ ಮೊದಲ ಆದ್ಯತೆ ಸಿಗಬೇಕು ಎಂದೂ ಬರೆದಿದೆ. ನ್ಯಾಯದ ಮಾತು ಆ ವ್ಯಾಖ್ಯೆಯ ಒಳಗೇ ಇತ್ತು. 2015ರಲ್ಲಿ ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಗೆಂದು 17 ಗುರಿ, 169 ಉಪಗುರಿಗಳನ್ನು ಒಪ್ಪಿಕೊಂಡಿತು. ಅದರಲ್ಲಿ 8ನೇ ಗುರಿ ಆರ್ಥಿಕ ಬೆಳವಣಿಗೆಯನ್ನೇ ಬೇಡುತ್ತದೆ, ತೀರಾ ಹಿಂದುಳಿದ ದೇಶಗಳಿಗೆ ವರ್ಷಕ್ಕೆ ಕನಿಷ್ಠ ಶೇ. 7. 13ನೇ ಗುರಿ ಹವಾಮಾನ ಬದಲಾವಣೆಯನ್ನು ತಡೆಯಬೇಕು ಅನ್ನುತ್ತದೆ. ಇವೆರಡೂ ಡಿಕ್ಕಿ ಹೊಡೆದಾಗ ಯಾರು ಬಿಟ್ಟುಕೊಡಬೇಕು? ಇದೊಂದೇ ಹಲವು ಪಿಎಚ್‌ಡಿಗಳಿಗೆ ಸಾಕಾಗುವ ಪ್ರಶ್ನೆ.

ಇನ್ನು ಪರ್ಯಾಯ ಆರ್ಥಿಕತೆ, ಅಂದರೆ ಸಹಕಾರಿ, ಸಾಮೂಹಿಕ ಆಸ್ತಿಯಂಥ ಬೇರೆ ದಾರಿಯಲ್ಲಿ ನಡೆಯುವ ಆರ್ಥಿಕತೆ. ಈ ಕಡೆ ಬರುವವರಲ್ಲಿ ಬಹಳ ಜನ ಅದರ ಮೇಲಿನ ಪ್ರೀತಿಯಿಂದಲೇ ಬರುತ್ತಾರೆ. ನಾನೂ ಹಾಗೇ ಬಂದವಳು. ಆ ಪ್ರೀತಿ ಇರಲಿ, ಆದರೆ ಪರೀಕ್ಷೆ ಸಡಿಲ ಆಗಬಾರದು.

ಸ್ಪೇನಿನ ಬಾಸ್ಕ್ ಪ್ರದೇಶದ ಮೊಂಡ್ರಾಗನ್ ಹೆಸರು ಕೇಳಿರುತ್ತೀರಿ. 1956ರಲ್ಲಿ ಒಂದು ಸಣ್ಣ ಕಾರ್ಖಾನೆಯಾಗಿ ಶುರುವಾಯಿತು. ಊರಿನ ಪಾದ್ರಿ ಅರಿಜ್‌ಮೆಂಡಿಯರಿಯೆಟಾ ಅದಕ್ಕೆ ಪ್ರೇರಣೆ. ಕೆಲಸಗಾರರೇ ಮಾಲೀಕರು, ಒಬ್ಬರಿಗೆ ಒಂದೇ ಮತ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಬಳದ ನಡುವಿನ ಅಂತರಕ್ಕೆ ಮಿತಿ ಇದೆ, ಸಾಮಾನ್ಯವಾಗಿ ಆರು ಪಟ್ಟಿನ ಆಸುಪಾಸು. ಇವತ್ತು ಅದು ಹತ್ತಾರು ಸಾವಿರ ಜನ ಕೆಲಸ ಮಾಡುವ ಸಹಕಾರಿಗಳ ದೊಡ್ಡ ಕೂಟ. ಬೇರೆ ದಾರಿಯೇ ಇಲ್ಲ ಅನ್ನುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಅದೇ ಮೊದಲ ಕಾರ್ಖಾನೆಯಿಂದ ಬೆಳೆದ, ಮನೆ ಬಳಕೆಯ ಯಂತ್ರ ಮಾಡುವ ಫ್ಯಾಗೋರ್ 2013ರಲ್ಲಿ ದಿವಾಳಿ ಎದ್ದಿತು. ಸದಸ್ಯ ಕಾರ್ಮಿಕರಲ್ಲಿ ಹೆಚ್ಚಿನವರಿಗೆ ಕೂಟದ ಬೇರೆ ಸಹಕಾರಿಗಳಲ್ಲಿ ಕೆಲಸ ಸಿಕ್ಕಿತು, ಇಲ್ಲವೇ ಅವಧಿಗೆ ಮೊದಲೇ ನಿವೃತ್ತಿ ಸಿಕ್ಕಿತು. ಇದು ಸಣ್ಣ ಸಾಧನೆ ಅಲ್ಲ. ಆದರೆ ಅದೇ ಕಂಪನಿಗೆ ಪೋಲೆಂಡಿನಲ್ಲೂ ಕಾರ್ಖಾನೆ ಇತ್ತು. ಅಲ್ಲಿದ್ದವರು ಬರೀ ಸಂಬಳದವರು. ಅವರಿಗೆ ಷೇರೂ ಇರಲಿಲ್ಲ, ಮತವೂ ಇರಲಿಲ್ಲ. ಸದಸ್ಯರಿಗೆ ಇದ್ದ ಆಸರೆ ಅವರಿಗೆ ಸಿಗಲಿಲ್ಲ. ಒಂದೇ ಕಂಪನಿ, ಒಂದೇ ದಿವಾಳಿ, ಎರಡು ತರಹದ ಪಾಡು. ‘ಮೊಂಡ್ರಾಗನ್ ಯಶಸ್ವಿಯಾ, ವಿಫಲವಾ’ ಅಂತ ಕೇಳಿದರೆ ಇದು ಕಣ್ಣಿಗೇ ಬೀಳುವುದಿಲ್ಲ. ಸದಸ್ಯತ್ವದ ಗೆರೆ ಎಲ್ಲಿ ಎಳೆದಿದ್ದಾರೆ, ಅದನ್ನು ಎಳೆದವರು ಯಾರು ಅಂತ ಕೇಳಿದಾಗಲೇ ಕಾಣುವುದು.

ಸಾಮೂಹಿಕ ಆಸ್ತಿಯ ವಿಷಯದಲ್ಲೂ ಹೀಗೇ. ಎಲ್ಲರ ಆಸ್ತಿ ಹಾಳಾಗುವುದೇ ಅದರ ಹಣೆಬರಹ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಎಲಿನರ್ ಆಸ್ಟ್ರಮ್ ಅದನ್ನು ಒಪ್ಪದೆ, ಜನ ತಾವೇ ನಿಯಮ ಮಾಡಿಕೊಂಡು ಕಾಡು, ನೀರು, ಹುಲ್ಲುಗಾವಲು ಉಳಿಸಿಕೊಂಡ ಉದಾಹರಣೆಗಳನ್ನು ಜೋಡಿಸಿ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಮಹಿಳೆಯೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅವರು ಚರ್ಚಿಸಿದ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಒಂದು. ಚಳಿಗಾಲದಲ್ಲಿ ನೀವು ಮೇವು ಹಾಕಿ ಸಾಕಬಲ್ಲಷ್ಟೇ ಹಸುಗಳನ್ನು ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಬಿಡಬೇಕು ಅನ್ನುವ ನಿಯಮ ಅಲ್ಲಿ 1517ರಷ್ಟು ಹಿಂದೆಯೇ ಇತ್ತು. ಎಷ್ಟು ಸರಳ, ಎಷ್ಟು ಜಾಣ ನಿಯಮ! ಆದರೆ ಹೊರಗಿನವರು ಬಂದು ಆ ಊರಲ್ಲಿ ಜಮೀನು ಕೊಂಡರೂ ಹುಲ್ಲುಗಾವಲಿನ ಹಕ್ಕು ಅವರಿಗೆ ಇಲ್ಲ ಎಂಬ ನಿಯಮವೂ ಅದೇ ಊರಿನದು. ಹುಲ್ಲುಗಾವಲು ಶತಮಾನಗಳ ಕಾಲ ಬಾಳಿತು. ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಇವೆರಡನ್ನೂ ಒಟ್ಟಿಗೆ ಬರೆಯುವ ಧೈರ್ಯ ಸಂಶೋಧಕರಿಗೆ ಬೇಕು ಅಲ್ವಾ?

ಉಪಯೋಗದ ಪ್ರಶ್ನೆಗೆ ಬರುತ್ತೇನೆ. 1982ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ವಾರೆನ್ ಕೌಂಟಿಯಲ್ಲಿ ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ಹೂಳಲು ಸರ್ಕಾರ ಜಾಗ ಆರಿಸಿತು. ಅಲ್ಲಿದ್ದವರು ಹೆಚ್ಚಾಗಿ ಬಡ ಕಪ್ಪು ಜನ. ಅವರು ರಸ್ತೆಗೆ ಅಡ್ಡ ಮಲಗಿದರು. 500ಕ್ಕೂ ಹೆಚ್ಚು ಜನರ ಬಂಧನವಾಯಿತು. ಮಣ್ಣು ಬಂದೇ ಬಂತು. ಆದರೆ ಆ ಹೋರಾಟದಿಂದಲೇ ಅಧ್ಯಯನಗಳು ಹುಟ್ಟಿದವು. ಅಪಾಯಕಾರಿ ಕಸದ ಘಟಕಗಳು ಎಲ್ಲಿ ಬರುತ್ತವೆ ಅನ್ನುವುದಕ್ಕೆ ಜನರ ಆದಾಯಕ್ಕಿಂತ ಅವರ ಜನಾಂಗವೇ ದೊಡ್ಡ ಸುಳಿವು ಎಂದು 1987ರಲ್ಲಿ ಒಂದು ಚರ್ಚ್ ಸಂಘಟನೆಯ ವರದಿ ದೇಶದ ಉದ್ದಗಲದ ಅಂಕಿ ಅಂಶ ಇಟ್ಟು ತೋರಿಸಿತು. 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ ಬಗ್ಗೆ ಆದೇಶ ಹೊರಡಿಸಿದರು. 2025ರಲ್ಲಿ ಆ ಆದೇಶ ರದ್ದಾಯಿತು. ಆದರೆ ಅಂಕಿ ಅಂಶ ರದ್ದಾಗಲಿಲ್ಲ. ಅದನ್ನು ಹಿಡಿದು ವಾದಿಸುವವರು ಈಗಲೂ ಇದ್ದಾರೆ. ಇದನ್ನು ನೆನೆಸಿದರೆ ನನಗೆ ನಮ್ಮ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ. ಇನ್ನೊಂದನ್ನು ಗಮನಿಸಿ. ಇಲ್ಲಿ ಪ್ರಶ್ನೆ ಕೇಳಿದವರು ಮೊದಲು ಜನ, ಆಮೇಲೆ ಸಂಶೋಧಕರು.

ಆದ್ದರಿಂದ ದೊಡ್ಡ ಪದಗಳಿಂದ ಶುರು ಮಾಡಬೇಡಿ. ಒಂದು ಜಗಳ, ಒಂದು ನಿಯಮ, ಇಲ್ಲವೇ ಒಂದು ಸಂಸ್ಥೆ ಆರಿಸಿಕೊಳ್ಳಿ. ‘ಪರ್ಯಾಯ ಆರ್ಥಿಕತೆಯಲ್ಲಿ ಸಾಮಾಜಿಕ ನ್ಯಾಯ’ ಅನ್ನುವುದು ವಿಷಯ ಅಷ್ಟೇ. ‘ಕಾರ್ಮಿಕರ ಸಹಕಾರಿಯೊಂದರಲ್ಲಿ ಗುತ್ತಿಗೆ ಕೆಲಸಗಾರರು ಸದಸ್ಯರಾಗುವುದನ್ನು ಯಾವುದು ತಡೆಯುತ್ತದೆ’ ಅನ್ನುವುದು ಪ್ರಶ್ನೆ. ಇದಕ್ಕೆ ಬೈಲಾ ಓದಬಹುದು, ಸರ್ವಸದಸ್ಯರ ಸಭೆಯ ನಡಾವಳಿ ನೋಡಬಹುದು, ಒಳಗಿನವರನ್ನೂ ಹೊರಗುಳಿದವರನ್ನೂ ಮಾತಾಡಿಸಬಹುದು. ಮುಚ್ಚಿಹೋದ ಸಂಸ್ಥೆಗಳನ್ನೂ ಹುಡುಕಿ. ಗೆದ್ದವರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ.

ಓದಿನ ಬಗ್ಗೆ ಚುಟುಕಾಗಿ. ಆರ್ಥಿಕತೆಗೆ ಭೂಮಿಯ ಮಿತಿ ಇದೆ ಅನ್ನುವ ವಾದಕ್ಕೆ ಜಾರ್ಜೆಸ್ಕು ರೋಗನ್ ಮತ್ತು ಹರ್ಮನ್ ಡೇಲಿ. ಹೆಂಗಸರ ಸಂಬಳವಿಲ್ಲದ ದುಡಿಮೆ ರಾಷ್ಟ್ರೀಯ ಲೆಕ್ಕದಿಂದ ಹೇಗೆ ಬಿಟ್ಟುಹೋಗಿದೆ ಅನ್ನುವುದಕ್ಕೆ ಮೆರಿಲಿನ್ ವೇರಿಂಗ್. ಬಡವರ ಪರಿಸರ ಹೋರಾಟಗಳಿಗೆ ಜುವಾನ್ ಮಾರ್ಟಿನೆಜ್ ಅಲಿಯರ್. ಎಲ್ಲವನ್ನೂ ಮುಗಿಸಿಯೇ ಕ್ಷೇತ್ರಕಾರ್ಯಕ್ಕೆ ಹೋಗಬೇಕು ಅಂತ ಕಾಯಬೇಡಿ.

ಕೊನೆಯದಾಗಿ, ಇದು ನನಗೆ ಬಹಳ ಮುಖ್ಯ. ನ್ಯಾಯದ ಬಗ್ಗೆ ಬರೆಯುವವರು ಜನರ ಸಮಯವನ್ನು ಪುಕ್ಕಟೆ ಎಂದು ತಿಳಿಯಬಾರದು. ದಿನಗೂಲಿಯವರನ್ನು ಅವರ ಕೆಲಸದ ಹೊತ್ತಿನಲ್ಲಿ ಕೂರಿಸಿಕೊಂಡರೆ ಆ ದಿನದ ಕೂಲಿ ಹೋಗುತ್ತದೆ. ಅದಕ್ಕೆ ಬಜೆಟ್‌ನಲ್ಲೇ ಹಣ ಇಡಿ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರ ಭಾಷೆಯಲ್ಲಿ, ಅವರ ಎದುರಿಗೇ ಓದಿ ಹೇಳಿ. ಅವರು ಒಪ್ಪದ ಮಾತಿದ್ದರೆ ಅದನ್ನೂ ಪ್ರಬಂಧದಲ್ಲಿ ದಾಖಲಿಸಿ. ಹೀಗೆ ಜನರಿಗೆ ಓದಿ ಹೇಳಲು ಎಷ್ಟು ತಿಂಗಳು ಬೇಕು ಅನ್ನುವುದನ್ನು ಸಿನಾಪ್ಸಿಸ್‌ನಲ್ಲೇ (ಸಂಶೋಧನೆಯ ಮೊದಲ ರೂಪರೇಖೆಯಲ್ಲೇ) ಬರೆಯಿರಿ, ಆಮೇಲೆ ಸೇರಿಸುತ್ತೇನೆ ಅಂದರೆ ಸಮಯ ಸಿಗುವುದಿಲ್ಲ. ನಿಮ್ಮ ಪ್ರಶ್ನೆಯನ್ನು ಎರಡು ವಾಕ್ಯದಲ್ಲಿ ಬರೆದು ಇಲ್ಲೇ ಹಾಕಿ, ಖಂಡಿತ ಓದಿ ಹೇಳುತ್ತೇನೆ.