ಅಷ್ಟೆಲ್ಲ ಬರೆದರೂ ಓಟಿಲ್ಲ ಅಂದರೆ?

ಪ್ರಶ್ನೆ: ಕನ್ನಡ ವಿಕಿಪೀಡಿಯಕ್ಕೆ ಕೆಲವು ವರ್ಷಗಳಿಂದ ಬರೆಯುತ್ತಿದ್ದೇನೆ. 1938ರ ಶಿವಪುರ ಧ್ವಜ ಸತ್ಯಾಗ್ರಹದಂಥ ವಿಷಯ ಹಿಡಿದು, ಲೈಬ್ರರಿಯಲ್ಲಿ ಟಿಪ್ಪಣಿ ಮಾಡಿಕೊಂಡು, ಮನೆಯಲ್ಲಿ ವರ್ಡ್‌ನಲ್ಲಿ ಪೂರ್ತಿ ಟೈಪ್ ಮಾಡಿ ಒಂದೇ ಸಲ ಹಾಕುತ್ತೇನೆ. ವಿಕಿಪೀಡಿಯ ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ನಿನ ಟ್ರಸ್ಟಿ (ಆಡಳಿತ ಮಂಡಳಿ) ಚುನಾವಣೆಯಲ್ಲಿ ಓಟು ಹಾಕಲು ಹೋದರೆ ಅರ್ಹತೆ ಇಲ್ಲ ಎಂದು ಬಂತು. ಬರೀ ಕಾಗುಣಿತ ತಿದ್ದುವ ಗೆಳೆಯನಿಗೆ ಓಟಿದೆ. ಇದು ಯಾವ ನ್ಯಾಯ?
– ಓದುಗರು, ಮದ್ದೂರು

ಉತ್ತರ: ನಿಮ್ಮ ಬರಹ ಸರಿಯಿಲ್ಲ ಅಂತ ಯಾರೂ ಹೇಳಿಲ್ಲ ಸರ್. ಓಟಿನ ಪಟ್ಟಿ ಮಾಡುವಾಗ ಅದನ್ನು ಯಾರೂ ಓದುವುದೇ ಇಲ್ಲ. ನೋಡುವುದು ಮುಖ್ಯವಾಗಿ ಎರಡು ಲೆಕ್ಕ. ಮತದಾನಕ್ಕೆ ಮುಂಚಿನ ಒಂದು ಗಡುವಿನೊಳಗೆ ಒಟ್ಟು 300 ಸಂಪಾದನೆ (ಎಡಿಟ್) ಆಗಿರಬೇಕು, ಅದರಲ್ಲಿ ಗಡುವಿಗೆ ಮುಂಚಿನ ಸುಮಾರು ಆರು ತಿಂಗಳಲ್ಲಿ 20 ಇರಬೇಕು. 2022ರ ಚುನಾವಣೆಯಲ್ಲಿ ಗಡುವು ಜುಲೈ 5, ಮತದಾನ ಶುರುವಾಗಿದ್ದು ಆಗಸ್ಟ್‌ನಲ್ಲಿ. ಅಂದರೆ ಓಟಿನ ಸುದ್ದಿ ಕೇಳಿ ಆಗಸ್ಟ್‌ನಲ್ಲಿ ರಾತ್ರಿಯೆಲ್ಲ ಕೂತು ಬರೆದರೂ ಪ್ರಯೋಜನವಿರಲಿಲ್ಲ.

ಒಂದು ಸಂಪಾದನೆ ಅಂದರೆ ಒಂದು ಸಲ ಉಳಿಸಿದ್ದು, ಅಷ್ಟೇ. ನೀವು ತಿಂಗಳುಗಟ್ಟಲೆ ಕಷ್ಟಪಟ್ಟ ಲೇಖನ ಒಂದು. ಗೆಳೆಯರು ಮೂವತ್ತು ಪುಟದಲ್ಲಿ ಒತ್ತಕ್ಷರ ಸರಿಮಾಡಿದ್ದು ಮೂವತ್ತು. ಒಪ್ಪುತ್ತೇನೆ, ಇದು ಕೆಲಸದ ತೂಕವಲ್ಲ. ಆದರೆ ಕೆಲಸ ತೂಗುವುದು ಈ ನಿಯಮದ ಉದ್ದೇಶವೂ ಅಲ್ಲ. ಓಟಿಗೋಸ್ಕರ ರಾತ್ರೋರಾತ್ರಿ ಹುಟ್ಟಿಕೊಳ್ಳುವ ಖಾತೆಗಳನ್ನು ಆಚೆ ಇಡಬೇಕು. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಡೇರಿಗೆ ಹಾಲೇ ಹಾಕದೆ ಎಲೆಕ್ಷನ್ ದಿನ ಮಾತ್ರ ಬರುವ ಸದಸ್ಯರ ಬಗ್ಗೆ ಊರಲ್ಲಿ ಎಷ್ಟು ಜಗಳ ನೋಡಿಲ್ಲ ನೀವು!

ನನಗೆ 300ರ ಬಗ್ಗೆ ತಕರಾರಿಲ್ಲ, 20ರ ಬಗ್ಗೆ ಸ್ವಲ್ಪ ಇದೆ. ಪರೀಕ್ಷೆ ಡ್ಯೂಟಿಗೆ ಹೋಗುವ ಮೇಷ್ಟ್ರು, ಕಬ್ಬು ಕಡಿಸುವ ಕಾಲದಲ್ಲಿ ಕಂಪ್ಯೂಟರ್ ಮುಟ್ಟದ ರೈತ, ಇಂಥವರು ಆರು ತಿಂಗಳು ಸುಮ್ನೆ ಇದ್ದರೆ ಹಳೆಯ ಸಾವಿರ ಸಂಪಾದನೆ ಇದ್ದರೂ ಓಟು ಹೋಯಿತು. ಕೊನೇ ಪಕ್ಷ ಒಂದು ವರ್ಷ ನೋಡಬಹುದಿತ್ತು ಅಲ್ವಾ.

ಈಗ ನೀವು ಮಾಡಬೇಕಾದ್ದು ಸುಲಭ. ವರ್ಡ್ ಬಿಟ್ಟು ಕರಡು ಬರೆಯಲೆಂದೇ ಇರುವ ವಿಕಿಯ ಪ್ರಯೋಗಪುಟದಲ್ಲೇ ಬರೆಯಿರಿ, ಒಂದೊಂದು ವಿಭಾಗ ಮುಗಿದಾಗ ಉಳಿಸಿ. ಕರೆಂಟ್ ಹೋದರೂ ಬರೆದದ್ದು ಹೋಗಲ್ಲ, ಲೆಕ್ಕಕ್ಕೂ ಸೇರುತ್ತದೆ. ಹಳೆಯ ಪುಸ್ತಕಗಳ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಪುಟಗಳ ಕರಡು ತಿದ್ದಿದರೆ ಪುಟಕ್ಕೊಂದು ಸಂಪಾದನೆ. ವಿಕಿಯ ಫೋಟೋ ಭಂಡಾರವಾದ ಕಾಮನ್ಸ್‌ಗೆ ಮೇಲುಕೋಟೆಯ ಫೋಟೋ ಹಾಕಿದ್ದೂ ಲೆಕ್ಕವೇ, ಎಲ್ಲ ವಿಕಿಗಳದ್ದೂ ಸೇರಿಸಿ ಎಣಿಸುತ್ತಾರೆ. ಆದರೆ ಒಂದು ಕಾಮಾ ಹಾಕುವುದು, ಮತ್ತೆ ತೆಗೆಯುವುದು, ಆ ಆಟ ಬೇಡ. ‘ಇತ್ತೀಚಿನ ಬದಲಾವಣೆಗಳು’ ಪುಟದಲ್ಲಿ ಅದು ಎಲ್ಲರಿಗೂ ಕಾಣುತ್ತದೆ, ಕನ್ನಡದಲ್ಲಿ ಬರೆಯುವವರೂ ಕಡಿಮೆ, ಹೆಸರು ಕೆಡಲು ಒಂದು ವಾರ ಜಾಸ್ತಿ.

ಪ್ರಶ್ನೆ: ಹಳೆಯ ಖಾತೆಯ ಪಾಸ್‌ವರ್ಡ್ ಮರೆತು ಹೊಸ ಖಾತೆ ಮಾಡಿಕೊಂಡೆ. ಎರಡರ ಸಂಪಾದನೆಯನ್ನೂ ಕೂಡಿಸಬಹುದಾ? ಲಾಗಿನ್ ಆಗದೆ ತಿದ್ದಿದ್ದೂ ಬಹಳ ಇದೆ.
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಕೂಡಿಸಲು ಬರುವುದಿಲ್ಲ ಮೇಡಂ. ಓಟು ಹಾಕುವ ಆ ಒಂದು ಖಾತೆಯಲ್ಲೇ 300 ಇರಬೇಕು. ಎರಡೂ ಖಾತೆಗೆ ಅರ್ಹತೆ ಬಂದರೂ ಓಟು ಒಂದೇ. ಲಾಗಿನ್ ಆಗದೆ ತಿದ್ದಿದ್ದು ಯಾರ ಲೆಕ್ಕಕ್ಕೂ ಸೇರಲ್ಲ. ಹಳೆಯ ಖಾತೆಗೆ ಇಮೇಲ್ ಕೊಟ್ಟಿದ್ದರೆ ಲಾಗಿನ್ ಪುಟದಿಂದಲೇ ಹೊಸ ಪಾಸ್‌ವರ್ಡ್ ತರಿಸಿಕೊಳ್ಳಿ. ಕೊಟ್ಟಿಲ್ಲದಿದ್ದರೆ ಅದರ ಆಸೆ ಬಿಟ್ಟು, ಹೊಸ ಖಾತೆಗೆ ಇವತ್ತೇ ಇಮೇಲ್ ಸೇರಿಸಿ.