ನ್ಯಾಸ್ ಬಾಕ್ಸ್ ಬೂಟ್ ಆಗುತ್ತಿಲ್ಲ, ಫೋಟೊಗಳ ಗತಿ ಏನು?

ಪ್ರಶ್ನೆ: ಮನೆಯಲ್ಲಿ ಆರು ವರ್ಷ ಹಳೆಯ ನ್ಯಾಸ್ ಬಾಕ್ಸ್ (ಮನೆಯ ನೆಟ್‌ವರ್ಕ್‌ಗೆ ಸೇರಿಸಿ ಫೈಲ್‌ಗಳನ್ನು ಇಡುವ ಡಬ್ಬಿ) ಇದೆ. ಅದರಲ್ಲಿ 4 ಟಿಬಿಯ ಎರಡು ಹಾರ್ಡ್ ಡಿಸ್ಕ್, ರೇಡ್ 1 ಮಾಡಿದ್ದೇನೆ, ಅಂದರೆ ಎರಡರಲ್ಲೂ ಅದೇ ಫೈಲ್‌ಗಳ ನಕಲು ಇರುತ್ತದೆ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಅದು ಏಳುತ್ತಲೇ ಇಲ್ಲ. ನೀಲಿ ಲೈಟ್ ಮಿಣುಕುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ರೂಟರ್ ತೋರಿಸುವ ಸಾಧನಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೊ ಎಲ್ಲ ಅದರಲ್ಲೇ ಇವೆ. ರಿಸೆಟ್ ಬಟನ್ ಒತ್ತಿ ನೋಡಲೇ?

ಉತ್ತರ: ಬೇಡ, ರಿಸೆಟ್ ತಂಟೆಗೆ ಹೋಗಬೇಡಿ. ಆ ಬಟನ್ ಒಂದೊಂದು ಕಂಪನಿಯ ಬಾಕ್ಸಿನಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಸ್ವಲ್ಪ ಹೊತ್ತು ಒತ್ತಿದರೆ ಪಾಸ್‌ವರ್ಡ್ ಮಾತ್ರ ಹೋಗಬಹುದು, ಜಾಸ್ತಿ ಹೊತ್ತು ಹಿಡಿದರೆ ಸಿಸ್ಟಮ್ಮನ್ನೇ ಹೊಸದಾಗಿ ಹಾಕಲು ಹೊರಡಬಹುದು. ಸದ್ಯಕ್ಕೆ ಪ್ಲಗ್ ಕಿತ್ತು ಸುಮ್ನೆ ಬಿಡಿ.

ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ಫೋಟೊಗಳು ಇರುವುದು ಡಿಸ್ಕಿನಲ್ಲಿ. ಬಾಕ್ಸ್ ಪೂರ್ತಿ ಕೆಟ್ಟರೂ ಡಿಸ್ಕ್ ಚೆನ್ನಾಗಿದ್ದರೆ ಅವು ಹಾಗೇ ಇರುತ್ತವೆ. ನಾವು ಅವಸರದಲ್ಲಿ ಏನಾದರೂ ಒತ್ತಿ ಕಳೆದುಕೊಳ್ಳಬಾರದು, ಅಷ್ಟೇ.

ಮೊದಲು ಡಿಸ್ಕ್‌ಗಳ ಮೇಲೆ 1, 2 ಅಂತ ಬರೆದು ಎರಡನ್ನೂ ಹೊರಗೆ ತೆಗೆಯಿರಿ. ಯಾವುದು ಯಾವ ಜಾಗದಲ್ಲಿತ್ತು ಅನ್ನೋದು ಆಮೇಲೆ ಬೇಕಾಗುತ್ತದೆ. ಈಗ ಖಾಲಿ ಬಾಕ್ಸನ್ನು ನೆಟ್‌ವರ್ಕ್ ಕೇಬಲ್ ಸಮೇತ ಆನ್ ಮಾಡಿ ಹತ್ತು ನಿಮಿಷ ಕಾಯಿರಿ. ತುಂಬಾ ಬಾಕ್ಸ್‌ಗಳು ಡಿಸ್ಕ್ ಇಲ್ಲದಿದ್ದರೂ ಒಂದು ಹಂತದವರೆಗೆ ಏಳುತ್ತವೆ, ಒಂದು ಬೀಪ್ ಕೊಟ್ಟು ರೂಟರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಹಾಗಾದರೆ ಬೋರ್ಡ್ ಬದುಕಿದೆ ಅಂತ ಲೆಕ್ಕ. ತೊಂದರೆ ಒಂದೋ ಡಿಸ್ಕಿನಲ್ಲಿದೆ, ಇಲ್ಲವೇ ಅಡಾಪ್ಟರ್‌ನಲ್ಲಿದೆ.

ನನ್ನ ಅನುಮಾನ ಜಾಸ್ತಿ ಇರುವುದು ಅಡಾಪ್ಟರ್ ಮೇಲೆ. ಲೈಟ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಹಾಗಾಗಿ ಕರೆಂಟ್ ಸರಿಯಾಗೇ ಬರ್ತಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಲೈಟಿಗೂ ಫ್ಯಾನಿಗೂ ಬೇಕಾಗುವ ಕರೆಂಟ್ ತೀರಾ ಕಡಿಮೆ. 3.5 ಇಂಚಿನ ಡಿಸ್ಕ್ ನಿಂತಲ್ಲಿಂದ ತಿರುಗಲು ಶುರು ಮಾಡುವ ಆ ಕೆಲವು ಸೆಕೆಂಡ್ ಮಾತ್ರ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆಮೇಲೆ ಒಂದು ಆಂಪಿಯರ್ ಕೂಡ ಬೇಡ. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ ಆ ಹೊತ್ತಿಗೆ 4 ಆಂಪಿಯರ್ ಬೇಕು. ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಒಳಗಿನ ಕೆಪಾಸಿಟರ್ ಸೊರಗಿದ ಅಡಾಪ್ಟರ್ ಇಲ್ಲೇ ಕೈಕೊಡುತ್ತದೆ. ನನ್ನ ಮನೆಯ ಬಾಕ್ಸಿಗೂ ಹೀಗೇ ಆಗಿತ್ತು. ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್ ತೋರಿಸುತ್ತಿತ್ತು, ನಾನು ಅದನ್ನೇ ನಂಬಿ ಎರಡು ದಿನ ಬೇರೆಲ್ಲ ಹುಡುಕಿದೆ. ಕೊನೆಗೆ ಬಾಕ್ಸಿಗೆ ಕಿವಿ ಕೊಟ್ಟಾಗ ಗೊತ್ತಾಯಿತು. ಡಿಸ್ಕ್ ಗುಂಯ್ ಅಂತ ಏರುತ್ತದೆ, ಟಿಕ್ ಅಂತ ನಿಲ್ಲುತ್ತದೆ, ಮತ್ತೆ ಏರುತ್ತದೆ. ಲೋಡ್ ಬಿದ್ದ ತಕ್ಷಣ ವೋಲ್ಟೇಜ್ ಕುಸಿದು ಬಾಕ್ಸ್ ಮತ್ತೆ ಮತ್ತೆ ಶುರುವಾಗುತ್ತಿತ್ತು. ಬೇರೆ ಅಡಾಪ್ಟರ್ ಹಾಕಿದ ಕೂಡಲೇ ಎದ್ದಿತು. ನೀವು ತರುವ ಅಡಾಪ್ಟರ್‌ನಲ್ಲಿ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ, ಪಿನ್‌ನ ಪ್ಲಸ್ ಮೈನಸ್ ಗುರುತೂ ಹೊಂದಬೇಕು.

ಡಿಸ್ಕ್ ಇಲ್ಲದೆಯೂ ಏಳದಿದ್ದರೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ಬೋರ್ಡಿನ ಮೇಲೆ ಸಿಆರ್ 2032 ಗುಂಡು ಬ್ಯಾಟರಿ ಇದ್ದರೆ ಬದಲಾಯಿಸಿ. ಆಗಲೂ ಆಗಲಿಲ್ಲವೆಂದರೆ ಬೋರ್ಡೇ ಹೋಗಿರಬಹುದು. ಬಳಸುವವರ ತಪ್ಪಿಲ್ಲದೆಯೂ ಹಾಗಾಗುತ್ತದೆ. ಕೆಲವು ನ್ಯಾಸ್ ಬಾಕ್ಸ್‌ಗಳಲ್ಲಿದ್ದ ಆಟಮ್ ಸಿ2000 ಚಿಪ್‌ಗಳು ಬೂಟ್ ಆಗದೇ ಹೋಗಬಹುದು ಅಂತ 2017ರಲ್ಲಿ ಅವನ್ನು ತಯಾರಿಸಿದ ಇಂಟೆಲ್ ತಾನೇ ಹೇಳಿತ್ತು.

ಅಡಾಪ್ಟರ್ ಬದಲಾಯಿಸಿದರೂ ಡಿಸ್ಕ್ ಹಾಕಿದಾಗ ಏಳದಿದ್ದರೆ, ಒಂದೇ ಒಂದು ಡಿಸ್ಕ್ ಹಾಕಿ ನೋಡಿ. ಎದ್ದರೆ ಅದನ್ನು ಅಲ್ಲೇ ಬಿಟ್ಟು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳಿ. ಇದನ್ನು ತೆಗೆದು ಇನ್ನೊಂದರಿಂದ ಬೂಟ್ ಮಾಡಿ ನೋಡುವ ಆಸೆ ಬೇಡವೇ ಬೇಡ. ಒಂದೊಂದೂ ತನ್ನ ಪಾಡಿಗೆ ಏನಾದರೂ ಬರೆದುಕೊಂಡರೆ ಎರಡರ ಲೆಕ್ಕ ತಾಳೆಯಾಗುವುದಿಲ್ಲ.

ಬಾಕ್ಸೇ ಹೋಗಿದ್ದರೂ ದಾರಿ ಇದೆ. ಹೆಚ್ಚಿನ ಬಾಕ್ಸ್‌ಗಳ ಒಳಗಿರುವುದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಪೆನ್ ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದ ಕಂಪ್ಯೂಟರಿಗೆ, ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಡಾಕ್ (ಬಿಡಿ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸ್ಟ್ಯಾಂಡ್) ಮೂಲಕ ಒಂದು ಡಿಸ್ಕ್ ಸಿಕ್ಕಿಸಿ. ಎಂಡಿಎಡಿಎಂ ಅನ್ನುವ ಟೂಲ್ ಸಾಮಾನ್ಯವಾಗಿ ರೇಡನ್ನು ಗುರುತಿಸುತ್ತದೆ. ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಅಂದರೆ ಫೈಲ್‌ಗಳು ಕಾಣುವಂತೆ ತೆರೆಯಿರಿ. ಎನ್‌ಕ್ರಿಪ್ಟ್ ಮಾಡಿದ್ದರೆ ಅದರ ಕೀ ಬೇಕಾಗುತ್ತದೆ. ವಿಂಡೋಸ್‌ಗೆ ಮಾತ್ರ ಸಿಕ್ಕಿಸಬೇಡಿ. ಅದಕ್ಕೆ ಈ ಡಿಸ್ಕ್ ಅರ್ಥವಾಗದೆ ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ, ಕೈತಪ್ಪಿ ಹೂಂ ಅಂದರೆ ಕಷ್ಟ. ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ಪ್ರಶ್ನೆ: ರೇಡ್ 1 ಇದ್ದರೂ ಬೇರೆ ಬ್ಯಾಕಪ್ ಬೇಕಾ?

ಉತ್ತರ: ಬೇಕು. ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಿರಲಿ ಅಂತ ರೇಡ್ ಇರೋದು. ನೀವು ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಹೋಗುತ್ತದೆ. ಹೊರಗಿನ ಒಂದು ಯುಎಸ್‌ಬಿ ಡಿಸ್ಕಿಗೆ ತಿಂಗಳಿಗೊಮ್ಮೆ ನಕಲು ಮಾಡಿ. ಮುಗಿದ ಮೇಲೆ ನಾಲ್ಕೈದು ಹಳೆಯ ಫೋಟೊ, ಒಂದೆರಡು ವಿಡಿಯೊ ತೆರೆದು ನೋಡಿ, ಆಮೇಲೆ ಕೇಬಲ್ ಕಿತ್ತು ಬೇರೆ ಕಡೆ ಎತ್ತಿಡಿ.